ಇಳಿಜಾರಿಗೆ ಅಡ್ಡ ಎಳೆದ ಗೆರೆಗಳು

ತೊಂಬತ್ತರ ದಶಕದಲ್ಲಿ ನಾನು ಅಕ್ಕಲಕೋಟದ ಒಂದು ಕನ್ನಡ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ. ಸೋಲಾಪುರದಿಂದ ದಿನಾ ಎಸ್‌ಟಿ ಬಸ್ಸಿನಲ್ಲಿ ಬರುತ್ತಿದ್ದೆ. ನಮ್ಮದು ಗುಮಾಸ್ತರ ಮನೆತನ. ಅಜ್ಜನಿಂದ ಹಿಡಿದು ನನ್ನವರೆಗೆ ಒಬ್ಬರೂ ನೇಗಿಲು ಮುಟ್ಟಿದವರಲ್ಲ. ಆದರೂ ಹೊಲದ ಚಿತ್ರ ಬಿಡಿಸುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬ ಬೇರೆ.

ಒಂದು ವರ್ಷ ಸೋಲಾಪುರದ ಮಕ್ಕಳ ಚಿತ್ರ ಪ್ರದರ್ಶನಕ್ಕೆ ಶಾಲೆಗೊಂದೇ ಚಿತ್ರ ಕೇಳಿದ್ದರು. ವಿಷಯ, ಮಣ್ಣು ಉಳಿಸಿ. ಏಳನೆಯ ತರಗತಿಯವರನ್ನು ಕುರನೂರ ಡ್ಯಾಮಿನ ಹತ್ತಿರ ಕರೆದೊಯ್ದು, ಬೋರಿ ಹೊಳೆಯ ಕಡೆಗೆ ಇಳಿಯುವ ಒಂದು ಎರೆಹೊಲದ ಮುಂದೆ ಕೂರಿಸಿದೆ.

"ಚಿತ್ರದಾಗ ದೂರ ಕಾಣಬೇಕಂದ್ರ ನೇಗಿಲ ಸಾಲೆಲ್ಲಾ ಹೊಳಿ ಕಡಿ ಓಡಿಹೋಗಿ ಒಂದ ಕಡಿ ಕೂಡಬೇಕು," ಎಂದೆ.

ಮಕ್ಕಳು ಹಾಗೇ ಎಳೆದರು. ಬಿಚ್ಚಿದ ಬೀಸಣಿಗೆಯಂಥ ಹೊಲಗಳನ್ನು ಕಂಡು ನನಗೆ ಖುಷಿಯೋ ಖುಷಿ. ಎದುರಿಗಿದ್ದ ಹೊಲವನ್ನು ಮಾತ್ರ ಕಣ್ಣೆತ್ತಿ ನೋಡಿರಲಿಲ್ಲ.

ಅದೇ ಕುರನೂರ ಊರಿನ ಒಬ್ಬ ಹುಡುಗಿಯ ಕೈ ಎಲ್ಲರಿಗಿಂತ ಚೆನ್ನಾಗಿತ್ತು. ತನ್ನ ಚಿತ್ರವೇ ಸೋಲಾಪುರಕ್ಕೆ ಹೋಗಬೇಕೆಂದು ಅವಳಿಗೆ ಬಹಳ ಆಸೆ. ಅವಳು ಹೊಳೆ, ಮರ, ಆಕಾಶ ಎಲ್ಲ ಬಿಡಿಸಿ ಹೊಲವನ್ನು ಖಾಲಿ ಬಿಟ್ಟಿದ್ದಳು.

"ಹಂಗ ಸಾಲ ಹೊಡದ್ರ ಮಳ್ಯಾಗ ಮಣ್ಣೆಲ್ಲಾ ಹೊಳಿಗಿ ಹೋಗ್ತದ್ರಿ, ಸರ್. ನಮ್ಮಪ್ಪ ಅಡ್ಡಾನ ಹೊಡೀತಾನ್ರಿ."

ನನಗೆ ಸಿಟ್ಟು ನೆತ್ತಿಗೇರಿತು. "ಚಿತ್ರಾ ಕಲಸಾಂವ ನಾನೋ, ನಿಮ್ಮಪ್ಪೋ? ಹೇಳಿದಂಗ ತಗಿ. ಇಲ್ಲಾಂದ್ರ ಬ್ಯಾರೇದವರದ ಕಳಸ್ತೀನಿ."

ಹುಡುಗಿಯ ಕಣ್ಣು ತುಂಬಿತು. ಪೆನ್ಸಿಲ್ ಮಾತ್ರ ಅಲುಗಲಿಲ್ಲ.

"ಕಳಸ್ರಿ ಸರ್. ಆದ್ರ ಮಣ್ಣು ಉಳಸ್ರಿ ಅಂತ ಬರದು, ಅದನ್ನ ನಾವ ಹೊಳಿಗಿ ನೂಕೂದು ಹ್ಯಾಂಗ್ರಿ?"

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಆಗ ತಲೆಯೆತ್ತಿ ನೋಡಿದೆ. ಹೊಲದ ಒಂದೊಂದು ಸಾಲೂ ಇಳಿಜಾರಿಗೆ ಅಡ್ಡವಾಗಿ ಮಲಗಿತ್ತು. ಸಿಟ್ಟೂ ಇಳಿಯಿತು, ಮೋರೆಯೂ ಇಳಿಯಿತು.

"ತಪ್ಪು ನಂದವ್ವಾ. ಆದ್ರ ಅಡ್ಡ ಗೆರಿ ಹಾಕಿದ್ರ ದೂರ ಹ್ಯಾಂಗ ತೋರಸ್ತಿ?" ಎಂದೆ. ನಿಜಕ್ಕೂ ನನಗೆ ಹೊಳೆದಿರಲಿಲ್ಲ.

ಅವಳು ಹೊಲವನ್ನೊಮ್ಮೆ ನೋಡಿ ಹತ್ತಿರದ ಸಾಲುಗಳನ್ನು ಅಗಲಗಲ ಎಳೆದಳು. ಹೋಗುಹೋಗುತ್ತ ಒತ್ತೊತ್ತು ಮಾಡಿದಳು. ಕಾಗದದ ಮೇಲೆ ಹೊಲ ಹೊಳೆಯವರೆಗೂ ಹೋಯಿತು, ಮಣ್ಣು ಇದ್ದಲ್ಲೇ ಉಳಿಯಿತು. ಸೋಲಾಪುರಕ್ಕೆ ಅದನ್ನೇ ಕಳಿಸಿದೆ.

ಬಹುಮಾನ ಬರಲಿಲ್ಲ. ಚಿತ್ರ ವಾಪಸು ಬಂದಾಗ ನೋಡಲೆಂದು ಅವಳ ಅಪ್ಪ ಶಾಲೆಗೆ ಬಂದ. ಕಾಗದವನ್ನು ಬೆಳಕಿಗೆ ಹಿಡಿದು, ಸಾಲುಗಳ ಮೇಲೆ ಮೆಲ್ಲಗೆ ಬೆರಳಾಡಿಸಿದ. ಹುಡುಗಿ ಉಸಿರು ಬಿಗಿಹಿಡಿದು ನಿಂತಿದ್ದಳು. ಸುಳ್ಳೇಕೆ, ನಾನೂ ನಿಂತಿದ್ದೆ.

"ಬಿತ್ತಬಹುದ್ರಿ, ಮಾಸ್ತರ," ಎಂದ.