ಎಡೆಗೆ ತರಿಸಿದ ಫೆನಿ

ನಯನಾ, ಚೆಕ್‌ಪೋಸ್ಟಿನಲ್ಲಿ ಅಬಕಾರಿಯವರು ನಿನ್ನ ಸ್ಕೂಟರಿನಿಂದ ಹಿಡಿದ ಆ ಫೆನಿ ಬಾಟಲಿಗಳನ್ನು ತರಿಸಿದವಳು ನಾನು. ನಿನಗಿದು ಹೊಸ ಸುದ್ದಿಯಲ್ಲ. ಆದರೆ ನಿನ್ನನ್ನು ಹೆತ್ತ ಈ ಆಯಿಯ ಬಾಯಿಂದ ಇದು ಒಮ್ಮೆಯೂ ಹೊರಬಿದ್ದಿಲ್ಲ — ಕೋರ್ಟಿನಲ್ಲೂ ಇಲ್ಲ, ನಮ್ಮೂರು ಹಣಕೋಣದ ಹೆಂಗಸರೆದುರೂ ಇಲ್ಲ, ನಿನ್ನೆದುರೂ ಇಲ್ಲ.

ನಿನ್ನ ಅಪ್ಪ ತೀರಿಕೊಂಡ ಮೇಲೆ ಹಿರಿಯರ ಜೊತೆ ಅವರಿಗೂ ಎಡೆ ಇಡುವ ಮೊದಲ ವರ್ಷ ಅದು. ಎಡೆಯಲ್ಲಿ ಸತ್ತವರಿಗೆ ಇಷ್ಟವಾದದ್ದೆಲ್ಲ ಇರಬೇಕು. ಅವರಿಗೆ ಬೇಕಾದದ್ದು ಮೀನು ಸಾರು, ಗೋವಾದ ಗೇರುಹಣ್ಣಿನ ಫೆನಿ. ಸಾರಿನ ಮಾತು ಬಿಡು. ಫೆನಿಯನ್ನು ಯಾರ ಹತ್ತಿರ ಕೇಳಲಿ? ಊರಿನ ಸಾರಾಯಿ ಅಂಗಡಿಯೆದುರು ಹೆಂಗಸರನ್ನು ಕೂರಿಸಿ ಬಾಗಿಲು ಹಾಕಿಸಿದವಳು ನಾನು, ಮಹಿಳಾ ಸಂಘದ ಅಧ್ಯಕ್ಷೆ! ನೀನಾಗ ಗೋವಾದ ಮಡಗಾಂವಿನಲ್ಲಿ ನರ್ಸ್, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದೆ. ನಾನು ಫೋನಿನಲ್ಲಿ ದನಿ ತಗ್ಗಿಸಿ ನಿನಗೆ ಹೇಳಿದೆ: "ಚಿಕ್ಕಪ್ಪಂದಿರೂ ಊಟಕ್ಕೆ ಬರ್ತ್ರು, ಒಂದ್ ಬಾಟ್ಲಿ ಸಾಕಾಗೂದಿಲ್ಲ. ಸೀಟಿನ ಕೆಳಗೆ ಇಟ್ಕಂಡ್ ಬಾ. ಹೆಂಗಸರನ್ನ ಯಾರ್ ಹಿಡೀತ್ರು?"

ಹಿಡಿದರು.

ಆಮೇಲೆ ನಾನು ಮಾಡಿದ ಸಹಾಯವನ್ನು ಊರು ಇವತ್ತಿಗೂ ಹೊಗಳುತ್ತದೆ. ಜಾಮೀನಿಗೆ ಓಡಾಡಿದೆ, ವಕೀಲರನ್ನು ಗೊತ್ತು ಮಾಡಿದೆ, ಕಾರವಾರದ ಕೋರ್ಟಿಗೆ ಪ್ರತಿ ಸಲವೂ ಜೊತೆಗೆ ಬಂದೆ. ಮಾರಾಟಕ್ಕಲ್ಲ, ಮನೆಯ ಕಾರ್ಯಕ್ಕೆ ತರಿಸಿದ್ದು ಎಂದು ಮನೆಯವರು ಯಾರಾದರೂ ಹೇಳಿದರೆ ವಾದಿಸಬಹುದು ಎಂದರು ವಕೀಲರು. ನೀನು ನನ್ನ ಮುಖ ನೋಡಿದೆ. ನಾನು ಚೀಲದಲ್ಲಿ ಕನ್ನಡಕ ಹುಡುಕತೊಡಗಿದೆ — ಕನ್ನಡಕ ಮೂಗಿನ ಮೇಲೆಯೇ ಇತ್ತು.

"ಒಪ್ಕಂಡ್ ಬಿಡು ಮಗಾ," ಅಂದೆ ಹೊರಗೆ ಬಂದು. "ದಂಡ ಕಟ್ಟಿರೆ ಮುಗೀತು."

"ನೀ ಒಂದ್ ಮಾತು ಹೇಳಿರೆ ಸಾಕಿತ್ತು, ಆಯಿ."

ಮತ್ತೆ ನೀನು ಕೇಳಲಿಲ್ಲ. ಕೋರ್ಟಿನಲ್ಲಿ ತಪ್ಪು ನೀನೇ ಒಪ್ಪಿಕೊಂಡೆ. ಆದರೆ ಅದು ಅಲ್ಲಿಗೆ ಮುಗಿಯಲಿಲ್ಲ. ಸರ್ಕಾರಿ ಆಸ್ಪತ್ರೆಗೆ ಆಯ್ಕೆಯಾಗಿದ್ದೆಯಲ್ಲ, ಪೊಲೀಸರು ವಿಚಾರಿಸುವಾಗ ಆ ಶಿಕ್ಷೆ ಎದ್ದು ಬಂತು, ಕೈಗೆ ಬಂದ ಕೆಲಸ ತಪ್ಪಿತು. ಊರಿನಲ್ಲಿ ನೀನು 'ಬಾಟಲಿ ನಯನಾ' ಆದೆ. ಅದೇ ಬಾಯಿಗಳು 'ಎಂಥ ತಾಯಿ, ಸ್ವಂತ ಮಗಳೆಂದು ತಪ್ಪನ್ನು ಮುಚ್ಚಿಡಲಿಲ್ಲ' ಎಂದು ನನ್ನನ್ನು ಕೊಂಡಾಡಿದವು. ಸಂಘದ ಸಭೆಯಲ್ಲಿ ಒಬ್ಬಳು ಹಾಗೆಂದಾಗ ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ನಾಚಿಕೆಗೆಟ್ಟವಳು — ಆ ಹೊಗಳಿಕೆ ನನಗೆ ಹಿತವಾಗಿತ್ತು.

ಇದಕ್ಕಿಂತ ಹೀನವಾದದ್ದು ಎಡೆಯ ದಿನವೇ ಆಗಿಹೋಗಿತ್ತು. ನೀನು ಜಾಮೀನಿನ ಮೇಲೆ ಮನೆಗೆ ಬಂದಿದ್ದೆ, ಇನ್ನೂ ನೆಟ್ಟಗೆ ಉಂಡಿರಲಿಲ್ಲ. ನಾನು ನಿನ್ನ ಚಿಕ್ಕಪ್ಪನೊಬ್ಬನಿಂದ ಗುಟ್ಟಾಗಿ ಬೇರೆ ಫೆನಿ ತರಿಸಿ, ನಿನ್ನ ಅಪ್ಪನ ಎಲೆಯ ಪಕ್ಕ ಲೋಟ ತುಂಬಿಸಿ ಇಟ್ಟೆ. ನೀನು ಲೋಟ ನೋಡಿದೆ, ನನ್ನನ್ನು ನೋಡಿದೆ, ಉಣ್ಣದೆ ಎದ್ದು ಹೋದೆ. ಸತ್ತವರಿಗೆ ಕೊರತೆಯಾಗಬಾರದು ಎಂಬುದೊಂದೇ ಅವತ್ತು ನನ್ನ ತಲೆಯಲ್ಲಿದ್ದದ್ದು. ನೀನು — ನಿನ್ನ ಬಗ್ಗೆ ನಾನು —

ಈಗ ನೀನು ಅಂಕೋಲೆಯ ಯಾವುದೋ ಕ್ಲಿನಿಕ್ಕಿನಲ್ಲಿ ದುಡಿಯುತ್ತೀ, ಬಾಳೆಗುಳಿಯ ಬಾಡಿಗೆ ಕೋಣೆಯಲ್ಲಿ ಇರುತ್ತೀ. ಎಷ್ಟು ದೂರ ಮಹಾ! ಆದರೂ ನೀನು ಬರುವುದಿಲ್ಲ, ಬಸ್ಸು ಹತ್ತುವ ಧೈರ್ಯ ನನಗಿಲ್ಲ. ದಿನಾ ಸಂಜೆ ಫೋನು ಮಾಡಿ "ಊಟ ಆಯ್ತಾ ಆಯಿ?" ಎನ್ನುತ್ತೀ, ನಾನು ಹೂಂ ಎನ್ನುತ್ತೇನೆ. ಫೋನಿಟ್ಟ ಮೇಲೆ, ಒಬ್ಬಳಿಗೋಸ್ಕರ ಒಲೆ ಹಚ್ಚುವುದೇಕೆಂದು ಉಣ್ಣದೆ ಮಲಗಿಬಿಡುತ್ತೇನೆ.

ಈ ಭಾನುವಾರ ಸಂಘದ ಸಭೆಯಿದೆ. ಅಧ್ಯಕ್ಷೆಯ ಕುರ್ಚಿಯಲ್ಲಿ ಕೂರುವ ಮೊದಲೇ, ಆ ಫೆನಿ ತರಿಸಿದವಳು ನಾನೇ ಎಂದು ಎಲ್ಲರೆದುರು ಹೇಳುತ್ತೇನೆ. ತಪ್ಪಿದ ಕೆಲಸ ತಿರುಗಿ ಬರುವುದಿಲ್ಲ, ಗೊತ್ತು. ಕ್ಷಮಿಸು ಎಂದು ಕೇಳುವ ಮುಖವೂ ನನಗಿಲ್ಲ. ಆ ಬಾಟಲಿಯ ಹೆಸರು ಹಣಕೋಣದಲ್ಲಿ ಇನ್ನು ನನಗೆ ಅಂಟಲಿ. ಅವತ್ತು ಸಂಜೆಯೂ ನೀನು ಊಟ ಆಯ್ತಾ ಎಂದು ಕೇಳಿದರೆ, ಇಲ್ಲ ಮಗಾ, ಉಂಡಿಲ್ಲ ಎಂದು ನಿಜವನ್ನೇ ಹೇಳುತ್ತೇನೆ.