ಶಿವರುದ್ರಮ್ಮನ ಸಂಜೆಯೊಲೆ

ಹುಣಸೂರಿನ ಕಾಫಿ ಕ್ಯೂರಿಂಗ್ ಕಾರ್ಖಾನೆಯ ಗೇಟಿನಲ್ಲಿ ಹಾಜರಿ ಬರೆಯುತ್ತಿದ್ದ ಗುಮಾಸ್ತ ಗುರುಸ್ವಾಮಿಗೆ ಇಪ್ಪತ್ಮೂರು ವರ್ಷ ತುಂಬಿತ್ತು. ಎಸ್ಸೆಸ್ಸೆಲ್ಸಿ ಎರಡನೆಯ ಸಲಕ್ಕೇ ಪಾಸಾಗಿತ್ತು. ಮೀಸೆ ಕೂಡ ಬಂದಿತ್ತು. ಎದುರಿನಿಂದ ನೋಡಿದವರಿಗೆ ಕಾಣದಿದ್ದರೂ ಪಕ್ಕದಿಂದ ಬಿಸಿಲು ಬಿದ್ದಾಗ ನೋಡಿದವರಿಗೆ ಕಾಣುತ್ತಿತ್ತು. ಇಂಥವನನ್ನು ಒಂದು ಬುಧವಾರ ಬೆಳಿಗ್ಗೆ ಕಾಳು ಆಯುವ ಹೆಂಗಸರು ಗೇಟು ದಾಟುವಾಗ ಒಬ್ಬರ ಹಿಂದೊಬ್ಬರು "ಕೂಸು ಊಟ ಮಾಡ್ತಾ?" ಎಂದು ವಿಚಾರಿಸಿಕೊಂಡು ಹೋದರು. ಮೊದಲು ಬಂದವರಿಗೆ ಗುರುಸ್ವಾಮಿ ನಕ್ಕ. ನಡುವೆ ಬಂದವರಿಗೆ ಕೆಮ್ಮಿದ. ಕೊನೆಗೆ ಬಂದವರ ಹೊತ್ತಿಗೆ ಹಾಜರಿ ಪುಸ್ತಕದಿಂದ ತಲೆಯನ್ನೇ ಎತ್ತಲಿಲ್ಲ.

ವಿಷಯ ಬಿಡಿಸಿ ಹೇಳಿದವನು ದೊಡ್ಡ ಮೇಸ್ತ್ರಿ ಮಂಚಯ್ಯ. ಕಾಳು ಆಯುವ ಶೆಡ್ಡಿನಲ್ಲಿ ಹೆಣ್ಣಾಳುಗಳನ್ನು ನೋಡಿಕೊಳ್ಳುತ್ತಿದ್ದ ಸಾಕಮ್ಮ ವಯಸ್ಸಾಯಿತೆಂದು ಕೆ.ಆರ್. ನಗರದ ಮಗಳ ಮನೆಗೆ ಹೊರಟು ನಿಂತಿದ್ದಳು. ಆ ಜಾಗಕ್ಕೆ ಅಲ್ಲೇ ಕಾಳು ಆಯುತ್ತಿದ್ದ ಗುರುಸ್ವಾಮಿಯ ಸೋದರತ್ತೆ ಶಿವರುದ್ರಮ್ಮನನ್ನು ಕರೆದರೆ ಆಕೆ ಒಲ್ಲೆ ಎಂದುಬಿಟ್ಟಿದ್ದಳು. ಆಳುಗಳೆಲ್ಲ ಐದು ಗಂಟೆಯ ಸೈರನ್ನಿಗೆ ಮನೆಗೆ ಹೊರಟರೂ ಹೆಣ್ಣಾಳುಗಳ ಮೇಸ್ತ್ರಿ ನಿಲ್ಲಬೇಕಿತ್ತು. ಆ ದಿನದ ಕಾಳು ತೂಕವಾಗಿ, ಚೀಲದ ಬಾಯಿ ಹೊಲಿದು, ಶೆಡ್ಡಿಗೆ ಬೀಗ ಹಾಕುವ ಹೊತ್ತಿಗೆ ದೀಪ ಹಚ್ಚುವ ಹೊತ್ತು ಮೀರಿರುತ್ತಿತ್ತು.

"ಮನೇಲಿ ಕೂಸೈತೆ, ಒತ್ತಿಗ್ ಸರ್ಯಾಗಿ ಇಟ್ಟು ಮಾಡಾಕ್ಬೇಕು ಅಂದ್ಲು ಕಣಯ್ಯ," ಎಂದ ಮಂಚಯ್ಯ. "ಎಲ್ಲಾರ ಮುಂದೇನೆ ಯಾವ್ ಕೂಸು ಅಂತ ಕೇಳ್ಬುಟ್ಟೆ ನಾನು." ಆಮೇಲೆ ಕೂಸನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಶನಿವಾರದೊಳಗೆ ಶಿವರುದ್ರಮ್ಮ ಹೂಂ ಎನ್ನದಿದ್ದರೆ ಬೇರೆಯವರನ್ನು ಹಾಕಬೇಕಾಗುತ್ತದೆಂದು ಹೇಳಿ ಹೊರಟುಹೋದ.

ಶಿವರುದ್ರಮ್ಮ ಹಾರನಹಳ್ಳಿಯ ಹುಡುಗಿ. ಕಟ್ಟೆಮಳಲವಾಡಿಗೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ. ಅತ್ತೆಮನೆಯ ತುಂಬು ಸಂಸಾರಕ್ಕೆ ಕೆಲವು ವರ್ಷ ಬೇಯಿಸಿ ಹಾಕಿದಳು. ಕಾಫಿ ಕಾರ್ಖಾನೆಗೆ ಹೆಣ್ಣಾಳು ಬೇಕೆಂಬ ಸುದ್ದಿ ಊರಿಗೆ ಬಂದಾಗ, ಬೇಡವೆಂದವರ ಮಾತನ್ನೆಲ್ಲ ತಲೆಬಾಗಿಸಿ ಕೇಳಿಸಿಕೊಂಡು, ಮಾರನೆಯ ದಿನ ಬಟ್ಟೆಗಂಟು ಹಿಡಿದು ಹುಣಸೂರಿಗೆ ಬಂದಳು. ಲಕ್ಷ್ಮಣತೀರ್ಥದ ಹತ್ತಿರ ಒಂದು ಹೆಂಚಿನ ಮನೆ ಹಿಡಿದಳು. ಗುಮಾಸ್ತಿಕೆ ಸಿಕ್ಕಿತೆಂದು ಅಣ್ಣನ ಮಗ ಟ್ರಂಕು ಹೊತ್ತು ಬಂದಾಗ ಜಾಗವಿದೆಯೇ ಎಂದು ಅವನೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಒಲೆಯ ಮೇಲಿನ ಪಾತ್ರೆ ಮಾತ್ರ ದೊಡ್ಡದಾಯಿತು.

ಹಗಲೆಲ್ಲ ಕೂತು ಕರಿಕಾಳು, ಒಡಕುಕಾಳು ಆಯ್ದ ಬೆರಳು ಸಂಜೆಯೂ ಸುಮ್ಮನಿರುತ್ತಿರಲಿಲ್ಲ. ಸೈರನ್ನು ಕೂಗಿದ ಮೇಲೆ ಆಕೆ ಹೊಳೆಯಂಚಿನ ದಾರಿ ಹಿಡಿದು, ಹೊನಗೊನೆಯೋ ಅಣ್ಣೆಸೊಪ್ಪೋ ಕಿರಕಸಾಲೆಯೋ ಕಂಡದ್ದನ್ನು ಕಿತ್ತು ಮಡಿಲಿಗೆ ಹಾಕಿಕೊಂಡು, ನಡೆಯುತ್ತ ನಡೆಯುತ್ತಲೇ ಕಡ್ಡಿ, ಹುಲ್ಲು, ಹಳದಿ ಎಲೆ ತೆಗೆದುಬಿಡುತ್ತಿದ್ದಳು. ಮನೆಯ ಬಾಗಿಲು ತೆರೆಯುವಾಗ ಸೊಪ್ಪು ತೊಳೆಯುವುದಷ್ಟೇ ಬಾಕಿ. ಒಲೆಯದೂ ಹಾಗೆಯೇ. ಮರ ಕೊಯ್ಯುವ ಮಿಲ್ಲಿನಿಂದ ತಂದ ಹೊಟ್ಟನ್ನು ಬೆಳಿಗ್ಗೆಯೇ ತಗಡಿನ ಡಬ್ಬದ ಒಲೆಗೆ ತುಂಬಿ, ನಡುವೆ ಒಂದು ಸೀಸೆ ನಿಲ್ಲಿಸಿ ಸುತ್ತ ಬಿಗಿಯಾಗಿ ಅದುಮಿ, ಸೀಸೆಯನ್ನು ಮೆಲ್ಲಗೆ ತಿರುಗಿಸಿ ಮೇಲೆಳೆದಿಟ್ಟಿರುತ್ತಿದ್ದಳು. ಸಂಜೆ ಕೆಳಗಿನ ಕಂಡಿಯಲ್ಲಿ ಒಂದು ಕಡ್ಡಿ ಗೀರಿದರೆ ಸಾಕು, ನಡುವಿನ ತೂತಿನಿಂದ ಬೆಂಕಿ ನೆಟ್ಟಗೆ ಎದ್ದು ನಿಲ್ಲುತ್ತಿತ್ತು. ಊದುವ ಕೆಲಸವಿಲ್ಲ, ಕಣ್ಣೀರಿಲ್ಲ.

ಆಮೇಲಿನದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಆಗುತ್ತಿತ್ತು. ಗುರುಸ್ವಾಮಿಯ ಮಟ್ಟಿಗಂತೂ ಅಕ್ಷರಶಃ ಹಾಗೆಯೇ. ಮನೆಗೆ ಬಂದು ಕೈಕಾಲು ತೊಳೆದು, ಹಣೆಗೆ ವಿಭೂತಿ ಬಳಿದುಕೊಂಡು, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಅವನು ಪೂಜೆಗೆ ಕೂರುತ್ತಿದ್ದ. ಪೂಜೆ ಎಷ್ಟು ಹೊತ್ತು ನಡೆಯಬೇಕೆಂಬುದು ಶಿವನ ಕೈಯಲ್ಲಿರಲಿಲ್ಲ, ಬೆಳ್ಳುಳ್ಳಿಯ ಕೈಯಲ್ಲಿತ್ತು. ತೊಗರಿಬೇಳೆಯ ಜೊತೆ ಸೊಪ್ಪು ಬೇಯುವ ವಾಸನೆ ಬಂದರೆ ಇನ್ನೂ ಹೊತ್ತಿದೆ ಎಂದರ್ಥ, ಭಕ್ತಿ ಜಾಸ್ತಿಯಾಗುತ್ತಿತ್ತು. ಸುಟ್ಟ ಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ, ಹುಣಸೆಹಣ್ಣು ಗುಂಡುಕಲ್ಲಿನ ಕೆಳಗೆ ನುರಿಯುವ ಘಾಟು ಮೂಗಿಗೆ ಬಂದ ಕೂಡಲೇ ಮಂತ್ರಗಳು ಒಂದರ ಮೇಲೊಂದು ಬಿದ್ದು ಓಡುತ್ತಿದ್ದವು. ಅವನು ಕಣ್ಣು ಬಿಟ್ಟಾಗ ತಟ್ಟೆಯಲ್ಲಿ ಹೊಗೆಯಾಡುವ ರಾಗಿಮುದ್ದೆ (ಅತ್ತೆಯ ಬಾಯಲ್ಲಿ ಅದು ಇಟ್ಟು), ಪಕ್ಕದಲ್ಲಿ ಬಸಿದ ಕಟ್ಟಿನ ಉಪ್ಪುಸಾರು, ಅಂಚಿನಲ್ಲಿ ಒಂದು ಗೋಲಿಯಷ್ಟು ಖಾರ, ಬಸಿದುಳಿದ ಸೊಪ್ಪಿನದೇ ಪಲ್ಯ. ಒಂದೇ ಬೇಯಿಸುವಿಕೆಯಲ್ಲಿ ಸಾರೂ ಆಯಿತು, ಪಲ್ಯವೂ ಆಯಿತು. ಕೆಲವು ದಿನ ಮುದ್ದೆಯ ನೀರು ಕಾಯುವಷ್ಟರಲ್ಲಿ ಒಲೆಯ ಕಂಡಿಯಲ್ಲೇ ಬದನೆಕಾಯಿ ಸುಟ್ಟು, ಸಿಪ್ಪೆ ಸುಲಿದು, ಹಸಿ ಈರುಳ್ಳಿ ಹಾಕಿ ಕಿವುಚಿದ ಗೊಜ್ಜು. ಸೋಮವಾರ ಒಪ್ಪೊತ್ತು, ರಾತ್ರಿಗೆ ಅನ್ನ, ಮೆಣಸಿನ ಸಾರು.

ಗುರುಸ್ವಾಮಿ ಈಗ ಆಫೀಸು ಕೆಲಸ ಹಿಡಿದು ಮೈಸೂರಿನಲ್ಲಿದ್ದಾನೆ. ಅಲ್ಲಿನ ಮೆಸ್ಸಿನಲ್ಲಿ ಸಾಂಬಾರು ಬಕೆಟ್ಟಿನಲ್ಲಿ ಬರುತ್ತದೆ. ಬಡಿಸುವವನು ಯಾರ ಮುಖವನ್ನೂ ನೋಡದೆ ಸಾಲಿನುದ್ದಕ್ಕೂ ಸುರಿದುಕೊಂಡು ಹೋಗುತ್ತಾನೆ. ಪಲ್ಯಗಳಿಗೆ ಲೆಕ್ಕವಿಲ್ಲ, ಭಾನುವಾರ ಪಾಯಸವೂ ಉಂಟು. ಆದರೂ ಸಂಜೆ ಆಫೀಸಿನಿಂದ ನಡೆದು ಬರುವಾಗ ಯಾರದೋ ಮನೆಯ ಕಿಟಕಿಯಿಂದ ಸುಟ್ಟ ಮೆಣಸಿನಕಾಯಿಯ ಘಾಟು ಬಂದರೆ ಅವನ ಕಾಲು ತಾನಾಗಿ ನಿಧಾನವಾಗುತ್ತದೆ. ಕಣ್ಣಲ್ಲಿ ನೀರೂ ಬರುತ್ತದೆ. ಘಾಟಿಗೆ ಯಾರಿಗಾದರೂ ಬರುತ್ತದೆಂದು ಅವನು ಸಮಾಧಾನ ಮಾಡಿಕೊಳ್ಳುತ್ತಾನೆ.

ಗೇಟಿನಲ್ಲಿ ಕೂಸಿನ ಮಾತು ಕೇಳಿದ ಆ ಬುಧವಾರ ಸಂಜೆ ಅವನು ಪೂಜೆಗೆ ಕೂರಲಿಲ್ಲ. ನೇರವಾಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಮೇಸ್ತ್ರಿ ಕೆಲಸ ಬೇಡವೆಂದದ್ದು ಯಾಕೆಂದು ಕೇಳಿದ. ತನಗೇಕೆ ಆ ಉಸಾಬರಿ ಎಂದಳು ಶಿವರುದ್ರಮ್ಮ. ಆದರೆ ಸೊಪ್ಪು ಬಸಿಯುತ್ತ ಬಸಿಯುತ್ತ ಬಾಯಿ ಸುಮ್ಮನಿರಲಿಲ್ಲ. ಸಾಕಮ್ಮ ಹೊಸಬರನ್ನೆಲ್ಲ ಒಂದೇ ಕಡೆ ಕೂರಿಸುತ್ತಾಳೆ, ಅದಕ್ಕೇ ಆ ಮೂಲೆಯ ಕಾಳು ಯಾವಾಗಲೂ ಮತ್ತೆ ಆಯಲು ವಾಪಸು ಬರುತ್ತದೆ, ಹಳಬರ ಪಕ್ಕಕ್ಕೊಬ್ಬ ಹೊಸಬಳನ್ನು ಕೂರಿಸಿದರೆ ಬೈಯುವ ಕೆಲಸವೇ ಇರುವುದಿಲ್ಲ, ಕಿಟಕಿಯ ಹತ್ತಿರ ಕಣ್ಣು ಮಂಜಾದವರಿಗೆ ಜಾಗ ಕೊಡಬೇಕು ಎಂದೆಲ್ಲ ಹೇಳಿಕೊಂಡೇ ಹೋದಳು. ಬೇಡವೆಂದ ಕೆಲಸದ ಬಗ್ಗೆ ಇಷ್ಟು ಯೋಚಿಸಿಟ್ಟವರನ್ನು ಗುರುಸ್ವಾಮಿ ಎಲ್ಲೂ ಕಂಡಿರಲಿಲ್ಲ. ಆಕೆಗೆ ಅದು ಬೇಕಾಗಿತ್ತು. ಅಡ್ಡ ಬಂದದ್ದು ಅವನ ಹೊಟ್ಟೆ.

ಹೋಟೆಲಿನಲ್ಲಿ ಉಣ್ಣುತ್ತೇನೆಂದ. ಬಸ್ ಸ್ಟ್ಯಾಂಡಿನ ಹೋಟೆಲಿನ ಊಟದ ನಂತರ ಅವನು ಹಿತ್ತಲಿಗೂ ಮನೆಗೂ ಓಡಾಡಿದ್ದನ್ನು ಆಕೆ ನೆನಪಿಸಿದಳು. ಹಾಗಾದರೆ ನಾನೇ ಬೇಯಿಸುತ್ತೇನೆಂದ. ಶಿವರುದ್ರಮ್ಮ ಬಸಿಯುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟಳು. ಕೈಯಲ್ಲಿ ಹಿಡಿದುಕೊಂಡು ನಗಲು ಆಗುತ್ತಿರಲಿಲ್ಲ.

"ತಟ್ಟೆ ಎಲ್ಲೈತೆ ಅಂತ ಗೊತ್ತೇನ್ಲಾ ನಿಂಗೆ?"

"ಗೊತ್ತು," ಎಂದ ಗುರುಸ್ವಾಮಿ. ಅದೊಂದು ನಿಜವಾಗಿಯೂ ಗೊತ್ತಿತ್ತು.

ಆಕೆ ನಕ್ಕು ಮುಗಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಪಾತ್ರೆಯನ್ನು ಮತ್ತೆ ಎತ್ತಿಕೊಂಡಳು. ಆಮೇಲೆ, ಶುಕ್ರವಾರ ಸಂಜೆ ಸಾಕಮ್ಮನ ಜೊತೆ ಬೀಗ ಹಾಕುವ ತನಕ ನಿಂತು ಬರುತ್ತೇನೆ ಎಂದಳು. "ನಾನ್ ಬರೋದ್ರಲ್ಲಿ ಗಂಟಿಲ್ದಂಗೆ ಇಟ್ಟು ಮಾಡಿರು. ಮಾಡಿದ್ರೆ ಮಂಚಯ್ಯಂಗೆ ಊಂ ಅಂತೀನಿ. ಇಲ್ದಿದ್ರೆ ಈ ಮಾತು ಇಲ್ಗೆ ಬುಡು."

ಶುಕ್ರವಾರ ಸೈರನ್ನು ಮುಗಿಯುವ ಮೊದಲೇ ಗುರುಸ್ವಾಮಿ ಗೇಟಿನಿಂದ ಹೊರಗಿದ್ದ. ಬೆಳಿಗ್ಗೆ ಅತ್ತೆಯ ಕಣ್ಣೆದುರೇ ಹೊಟ್ಟು ತುಂಬಿ, ಸೀಸೆ ಎಳೆದು, ಶಹಭಾಸ್‌ಗಿರಿಯನ್ನೂ ಪಡೆದುಕೊಂಡಿದ್ದ. ಹೊಳೆಯಂಚಿನಲ್ಲಿ ಸೊಪ್ಪು ಕಿತ್ತ. ನಡೆಯುತ್ತ ಸೊಪ್ಪು ಆಯಲು ಹೋಗಿ ಎಲೆಗಳನ್ನು ದಾರಿಗೆ ಚೆಲ್ಲಿ ಕಡ್ಡಿಗಳನ್ನು ಮನೆಗೆ ತಂದ, ಇನ್ನೊಮ್ಮೆ ಹೋಗಬೇಕಾಯಿತು. ಆದರೂ ಒಲೆ ಒಂದೇ ಕಡ್ಡಿಗೆ ಹತ್ತಿತು. ಬೇಳೆ ಬೆಂದಿತು, ಸೊಪ್ಪು ಬೆಂದಿತು. ಕಟ್ಟು ಬಸಿದ. ಖಾರ ಅರೆದ. ಅರೆದ ಕೈಯಿಂದ ಕಣ್ಣುಜ್ಜಿಕೊಂಡದ್ದನ್ನು ಬಿಟ್ಟರೆ ಎಲ್ಲವೂ ಸರಿಯಾಗಿತ್ತು. ಕುದಿಯುವ ನೀರಿಗೆ ರಾಗಿಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕೋಲಿನಿಂದ ನಡುವೆ ತೂತು ಮಾಡಿ, ಕಲಕದೆ ಕಾದ. ನೀರು ಗುಡ್ಡೆಯ ತಲೆಯ ಮೇಲೆ ಗುಳುಗುಳು ಉಕ್ಕಿ ಬಂತು. ಇನ್ನು ತಿರುವುವುದು.

ಶಿವರುದ್ರಮ್ಮ ಪ್ರತಿದಿನ ಈ ಹೊತ್ತಿಗೆ ಪಾತ್ರೆಯನ್ನು ಒಲೆಯಿಂದ ಇಳಿಸಿ, ನೆಲದ ಮೇಲೆ ಸಿಂಬಿಯಲ್ಲಿ ಕೂರಿಸಿ, ಪಾತ್ರೆ ಅಲುಗದಂತೆ ಕವೆಗೋಲನ್ನು ಅದರ ಅಂಚಿಗೆ ಕೊಟ್ಟು ಪಾದದಲ್ಲಿ ಒತ್ತಿ ಹಿಡಿದು ಹಿಟ್ಟು ತಿರುವುತ್ತಿದ್ದಳು. ಹೊಟ್ಟಿನ ಒಲೆ ಇರುವ ಮನೆಯಲ್ಲಿ ಹೆಣ್ಣುಮಕ್ಕಳು ಹೇಳಿಸಿಕೊಳ್ಳದೆಯೇ ಮಾಡುವ ಕೆಲಸ ಅದು. ಗುರುಸ್ವಾಮಿ ಅದನ್ನು ಒಂದು ದಿನವೂ ನೋಡಿರಲಿಲ್ಲ, ಏಕೆಂದರೆ ಸರಿಯಾಗಿ ಆ ಹೊತ್ತಿಗೆ ಅವನು ಕಣ್ಣು ಮುಚ್ಚಿಕೊಂಡು ಪೂಜೆಯಲ್ಲಿರುತ್ತಿದ್ದ. ಒಲೆಯ ಮೇಲೆಯೇ ಪಾತ್ರೆಯ ಅಂಚು ಹಿಡಿದು, ಹಾರನಹಳ್ಳಿಯ ಗಂಡಸಿನ ಬಲವನ್ನೆಲ್ಲ ತೋಳಿಗೆ ತಂದುಕೊಂಡು, ಕೋಲು ಹಾಕಿ ತಿರುವಿದ. ಒಂದು ಸುತ್ತು ಬಂತು. ಇನ್ನೊಂದು ಸುತ್ತಿಗೆ ಒಲೆಯೊಳಗೆ ಏನೋ ಕುಸಿದ ಮೆತ್ತನೆಯ ಸದ್ದಾಯಿತು. ಬೆಳಿಗ್ಗೆ ಶಹಭಾಸ್‌ಗಿರಿ ಪಡೆದ ಹೊಟ್ಟಿನ ಗೋಡೆ ಬೆಂಕಿಯ ಮೇಲೆ ಮಲಗಿಬಿಟ್ಟಿತ್ತು. ಕಂಡಿಯಿಂದಲೂ ಮೇಲಿನಿಂದಲೂ ಹೊಗೆ ಎದ್ದಿತು. ಬೆಂಕಿ ಎಂಬುದು ಇರಲೇ ಇಲ್ಲ.

ಪಾತ್ರೆಯೊಳಗೆ ಅರೆಬೆಂದ ಹಿಟ್ಟು, ಆಲಿಕಲ್ಲಿನಂಥ ಗಂಟುಗಳು. ಗುರುಸ್ವಾಮಿ ಹೊಸ್ತಿಲ ಮೇಲೆ ಕೂತು ಕೆಮ್ಮಿದ. ಹೊರಗೆ ಬೆಳಕು ಇಳಿಯುತ್ತಿತ್ತು. ಬಾಗಿಲು ಮುಚ್ಚಿ ಪಿರಿಯಾಪಟ್ಟಣದ ಬಸ್ಸು ಹತ್ತಿ ಊರಿಗೆ ಹೋಗಿಬಿಡುವ ಯೋಚನೆಯೂ ಬಂತು. ಅಷ್ಟರಲ್ಲಿ, ಅತ್ತೆ ಈಗ ಶೆಡ್ಡಿನಲ್ಲಿ ಸಾಕಮ್ಮನ ಪಕ್ಕ ನಿಂತು ಚೀಲಗಳನ್ನು ನೋಡುತ್ತಿರಬಹುದು ಎನಿಸಿತು. ಎದ್ದ.

ಹಿತ್ತಲಲ್ಲಿ ಮೂರು ಕಲ್ಲು ಜೋಡಿಸಿದ. ತೆಂಗಿನ ಗರಿ, ಚಿಪ್ಪು ಒಟ್ಟಿ ಬೆಂಕಿ ಮಾಡಿದ. ಹಿಟ್ಟಿಗೆ ನೀರು ಸುರಿದು, ಕಿವುಚಿ ಕಿವುಚಿ, ಮಡಿಸಿಟ್ಟಿದ್ದ ತನ್ನ ತೆಳು ಪಂಚೆಯಲ್ಲಿ ಸೋಸಿ, ಉಪ್ಪು ಹಾಕಿ ಕುದಿಸಿದ. ಮುದ್ದೆಯ ಆಸೆ ಬಿಟ್ಟು ಅದು ನಿಧಾನವಾಗಿ ಅಂಬಲಿಯಾಯಿತು.

ಶಿವರುದ್ರಮ್ಮ ಬಂದಾಗ ಹೊಗೆ ಇನ್ನೂ ಸೂರಿನಲ್ಲೇ ಇತ್ತು. ಆಕೆ ಒಲೆಯನ್ನು ನೋಡಿದಳು. ಪಂಚೆಯನ್ನು ನೋಡಿದಳು. ಅವನ ಕೆಂಪಾದ ಕಣ್ಣುಗಳನ್ನೂ ನೋಡಿದಳು. ಕೈಕಾಲು ತೊಳೆದು ಲಿಂಗಪೂಜೆ ಮುಗಿಸಿ, ಅಭ್ಯಾಸದಂತೆ ಸೌಟಿನ ಪಕ್ಕಕ್ಕೆ ಬಂದಳು. ಗುರುಸ್ವಾಮಿ ಸೌಟು ಕೊಡಲಿಲ್ಲ. ಗೋಡೆಯ ಬಳಿ ಮಣೆ ಹಾಕಿದ್ದ ಕಡೆ ಕೈ ತೋರಿಸಿದ. ಆಕೆಗೆ ಅಲ್ಲಿ ಹೇಗೆ ಕೂರಬೇಕೆಂದೇ ಗೊತ್ತಾಗಲಿಲ್ಲ. ಕೂತು, ನೀರಿನ ಚೆಂಬಿಗೆಂದು ಎದ್ದು, ಅದು ಆಗಲೇ ಪಕ್ಕದಲ್ಲಿದ್ದದ್ದು ಕಂಡು ಮತ್ತೆ ಕೂತಳು.

ಬಟ್ಟಲಿಗೆ ಅಂಬಲಿ, ತಟ್ಟೆಗೆ ಸೊಪ್ಪಿನ ಪಲ್ಯ, ಅಂಚಿಗೆ ಖಾರ. ಗುರುಸ್ವಾಮಿ ಪಕ್ಕದಲ್ಲಿ ನಿಂತೇ ಇದ್ದ. ಹಾಜರಿ ಗುಮಾಸ್ತಿಕೆಯ ಸಂದರ್ಶನದಲ್ಲಿಯೂ ಅವನು ಇಷ್ಟು ನೆಟ್ಟಗೆ ನಿಂತಿರಲಿಲ್ಲ.

"ಗಂಟಿರ್ಬಾರ್ದು ಅಂದಿದ್ದೆ," ಎಂದಳು ಶಿವರುದ್ರಮ್ಮ, ಬಟ್ಟಲೊಳಗೆ ಬೆರಳಾಡಿಸುತ್ತ.

"ಗಂಟಿಲ್ಲ ಅತ್ತೆ. ಇಟ್ಟೂ ಇಲ್ಲ."

ಆಕೆ ಬಟ್ಟಲೆತ್ತಿ ಊದಿದಳು. ಒಂದು ಗುಟುಕು ಕುಡಿದಳು. ನಾಲಗೆ ಸುಟ್ಟಿತೋ ಏನೋ, ಬಟ್ಟಲನ್ನು ಬಾಯಿಯಿಂದ ತೆಗೆದು ಹಾಗೇ ಹಿಡಿದುಕೊಂಡಳು. ತವರಿನಲ್ಲಿ ತಮ್ಮಂದಿರಿಗೆ, ಕಟ್ಟೆಮಳಲವಾಡಿಯಲ್ಲಿ ಮೈದುನರಿಗೆ, ಇಲ್ಲಿ ಅಣ್ಣನ ಮಗನಿಗೆ ಬಡಿಸಿ, ಎಲ್ಲರದ್ದೂ ಆದ ಮೇಲೆ ತಳದಲ್ಲಿ ಉಳಿದದ್ದನ್ನು ಉಂಡು ಅಭ್ಯಾಸವಾದವಳು. ಹೊಗೆಯಾಡುವ ಬಟ್ಟಲು ಹಿಂದೆಂದಾದರೂ ತನ್ನ ಎದುರಿಗೇ ಮೊದಲು ಬಂದದ್ದು ಆಕೆಗೆ ಬಹುಶಃ ನೆನಪಿರಲಿಲ್ಲ.

"ಸುಡ್ತದೆ ಕಣ್ಲಾ," ಎಂದಳು. "ಬಿಸಿ ಬಿಸೀದು ಉಣ್ಣೋದು ಅಂದ್ರೆ ಇಂಗಿರ್ತದೆ ಅಂತ ಮರ್ತೇ ಓಗಿತ್ತು."

ಗುರುಸ್ವಾಮಿ ಸೌಟನ್ನು ಕೈ ಬದಲಿಸಿ ಹಿಡಿದ. ಉಪ್ಪು ಸಾಕೇ ಎಂದು ಕೇಳಿದ. ಒಂದು ಚಿಟಿಕೆ ಜಾಸ್ತಿಯಾಗಿದೆ, ನಾಳೆಯಿಂದ ಕೈ ಹಿಡಿದು ಹಾಕು ಎಂದಳು. ನಾಳೆಯಿಂದ ಎಂದ ಮೇಲೆ ಶನಿವಾರ ಮಂಚಯ್ಯನಿಗೆ ಸಿಗುವ ಉತ್ತರವೇನೆಂದು ಇನ್ನು ಕೇಳಬೇಕಾಗಿರಲಿಲ್ಲ. ಆಕೆ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಬಟ್ಟಲು ಬರಿದಾಗುವವರೆಗೆ ಕುಡಿದಳು. ಆಮೇಲೆ ಅದನ್ನು ಅವನ ಕಡೆಗೆ ಚಾಚಿದಳು.

"ಇನ್ನೊಂದ್ ಸೌಟು ಬುಡು. ತಳದಿಂದ ಎತ್ತಬ್ಯಾಡ, ಸೀದಿರ್ತದೆ. ಅದು ನಿಂಗಿರ್ಲಿ."