ಹಲ್ಲಿನ ಡಾಕ್ಟರ ಅರ್ಜಿ

ನಮ್ಮ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ದಂತವೈದ್ಯರ ಕೋಣೆಗೆ ವರ್ಷಗಟ್ಟಲೆ ಬೀಗ ಜಡಿದಿಟ್ಟವರು ಒಂದು ಸಾವಿಗೆ ಹೊಣೆಗಾರರು. ಸಿಟ್ಟಿನಲ್ಲಿಯೇ ಬರೆಯುತ್ತಿದ್ದೇನೆ, ಆದರೆ ಅಳೆದು ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಬೀಗದ ಕೈ ಯಾರ ಬಳಿಯಿತ್ತೋ ಅವರಿಗೆ ಅದು ಗೊತ್ತಿದೆ. ಆ ಬೀಗ ತೆಗೆಸಲು ಹೊರಟು, ಉತ್ತರ ಕಾಣದೆ ತೀರಿಕೊಂಡ ಒಬ್ಬ ಹಲ್ಲಿನ ಡಾಕ್ಟರನ್ನು ಓದುಗರಿಗೆ ಪರಿಚಯಿಸುವುದು ನನ್ನ ಕರ್ತವ್ಯ.

ಅವರ ಎಡಗೈಯ ತೋರುಬೆರಳಿನ ಮೇಲೆ ಅರ್ಧಚಂದ್ರದಂಥ ಬಿಳಿಯ ಗುರುತೊಂದಿತ್ತು. ಗಣಿಯ ಆಳದಲ್ಲಿ ಬಂಡೆ ಸಿಡಿಸುತ್ತಿದ್ದ ಕಟ್ಟಾಳೊಬ್ಬ, ದವಡೆ ಹಲ್ಲು ಕೀಳಿಸಿಕೊಳ್ಳುವಾಗ ಹೆದರಿ ಕಚ್ಚಿದ ಗುರುತು. "ಅಷ್ಟು ಆಳಕ್ಕೆ ಇಳಿಯೋನು, ನನ್ನ ಕುರ್ಚಿ ಹತ್ತೋಕೆ ನಡುಗಿಬಿಟ್ಟ ನೋಡು" ಎಂದು ಆ ಬೆರಳನ್ನು ಮಕ್ಕಳಿಗೆ ತೋರಿಸಿ ನಗಿಸುತ್ತಿದ್ದರು. ಅವರು ಹುಟ್ಟಿದ್ದು ಚಿನ್ನದ ಗಣಿಯಾದ ಮೈಸೂರು ಮೈನ್ಸ್‌ನ ಕಾರ್ಮಿಕರ ಸಾಲುಮನೆಯಲ್ಲಿ, ಮನೆಮಾತು ತಮಿಳು. ಬಂಗಾರಪೇಟೆಯ ರೈಲ್ವೆ ನಿಲ್ದಾಣದ ಹತ್ತಿರ, ಮಹಡಿಯ ಮೇಲಿನ ಒಂದೇ ಕೋಣೆ ಅವರ ದವಾಖಾನೆ. ಕರೆಂಟು ಹೋದರೆ ದರ್ಜಿಯಂತೆ ಕಾಲಲ್ಲಿ ತುಳಿದು ಓಡಿಸುವ ಹಳೆಯ ಯಂತ್ರದಿಂದ ಹುಳುಕು ಕೊರೆಯುತ್ತಿದ್ದರು. ಹೆಣ್ಣುಮಕ್ಕಳೆಲ್ಲ ಅವರ ಬಾಯಲ್ಲಿ 'ಪಾಪಾ'. ಬೊಚ್ಚುಬಾಯಿಯ ಅಜ್ಜಿಯೂ ಪಾಪಾನೇ.

"ಚಿನ್ನದ ಊರೋರು ನಾವು. ಹಲ್ಲಿಗೆ ಬೆಳ್ಳಿ ತುಂಬ್ತೀರಲ್ಲ ಸಾರ್?" ಎಂದು ಯಾರೋ ಒಮ್ಮೆ ಕೆಣಕಿದ್ದರು.

"ಊರ ಚಿನ್ನ ಯಾರ ಬಾಯಿಗೆ ಓಯ್ತೋ ನಂಗೆ ಗೊತ್ತಿಲ್ಲಪ್ಪಾ. ನೀನು ಈ ಬೆಳ್ಳಿನಾದ್ರೂ ಇಟ್ಕೋ. ಬಾಯಿ ತೆಗಿ!"

ಅವರು ಊರಿಗೆಲ್ಲ ಕಲಿಸಿದ ಪಾಠ ಒಂದೇ. ಬಾವು ಬಂದವರ ಬಾಯೊಳಗೆ ಅವರದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲುವಷ್ಟು ಜಾಗವಿದ್ದರೆ ಗಾಬರಿಯಿಲ್ಲ. ಎರಡೇ ಹಿಡಿದರೆ ಅಂದೇ ಡಾಕ್ಟರ ಬಳಿಗೆ ಹೋಗಬೇಕು. ಒಂದೂ ಹಿಡಿಯದಿದ್ದರೆ ಒಂದು ನಿಮಿಷವೂ ನಿಲ್ಲಬಾರದು. ಇದನ್ನು ಅವರು ಬಸ್ ಕಂಡಕ್ಟರುಗಳಿಗೆ ಹಿಡಿದು ನಿಲ್ಲಿಸಿ ಹೇಳಿಕೊಡುತ್ತಿದ್ದರು. "ಹಳ್ಳಿಯ ರೋಗಿಯನ್ನು ಮೊದಲು ನೋಡುವವನು ಕಂಡಕ್ಟರು, ಆಮೇಲೆ ಡಾಕ್ಟರು" ಎಂಬುದು ಅವರ ವಾದ.

ಎಂಬತ್ತರ ದಶಕದ ಕೊನೆ. ನಾನು ಪಿಯುಸಿ ಓದುತ್ತಿದ್ದೆ. ಕ್ಯಾಸಂಬಳ್ಳಿಯ ಬಳಿಯ ನಮ್ಮ ಹಳ್ಳಿಯಲ್ಲಿ ಅಮ್ಮ ನಾಲ್ಕು ದಿನ ಹಲ್ಲುನೋವನ್ನು ಅದುಮಿಟ್ಟುಕೊಂಡು ಹಾಲು ಕರೆದಳು. ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆಂಬ ಭಯ ಅವಳಿಗೆ. ಪಕ್ಕದ ಮನೆಯವರು ನೆಲಗುಳ್ಳದ ಬೀಜದ ಹೊಗೆ ಹಿಡಿಸಿದರು. ಕೆನ್ನೆಗೆ ಬಿಸಿ ರಾಗಿಹಿಟ್ಟಿನ ಪಟ್ಟು ಹಾಕಿದ್ದು ನಾನೇ. ಆ ಬಿಸಿ ಬಾವನ್ನು ಇನ್ನಷ್ಟು ಕೆರಳಿಸಬಹುದೆಂದು ನಮಗೆ ಹೇಳಿದವರಿರಲಿಲ್ಲ. ಐದನೆಯ ಬೆಳಿಗ್ಗೆ ಗಲ್ಲದ ಕೆಳಗೆ ಕತ್ತೇ ಕಾಣದಷ್ಟು ಊದಿತ್ತು. ಬಿಸಿ ಮುದ್ದೆ ಬಾಯಲ್ಲಿಟ್ಟುಕೊಂಡವಳಂತೆ ಮಾತು. ಉಗುಳು ನುಂಗಲಾಗದೆ ಸೆರಗಿಗೆ ಸೋರುತ್ತಿತ್ತು.

ಅಪ್ಪ ಮತ್ತು ನಾನು ಅವಳನ್ನು ಆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆವು. ದಂತವೈದ್ಯರ ಕೋಣೆಯ ಬಾಗಿಲಲ್ಲಿ ಬೀಗ. ಕಿಟಕಿಯಲ್ಲಿ ಇಣುಕಿದೆ: ಹೊಸ ಕುರ್ಚಿ, ಮೇಲಿನ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ, ಅದರ ಮಡಿಲಲ್ಲಿ ಹಳೆಯ ರಿಜಿಸ್ಟರುಗಳ ಕಟ್ಟು.

"ಯಾವತ್ತು ತೆಗೀತಾರೆ ಸ್ವಾಮಿ?" ಅಪ್ಪ ಅಟೆಂಡರನ್ನು ಕೇಳಿದ.

"ಡಾಕ್ಟ್ರನ್ನ ಹಾಕಿದ ದಿವ್ಸ."

"ಯಾವತ್ತು ಹಾಕ್ತಾರೆ?"

"ನನ್ನನ್ ಕೇಳಿದ್ರೆ? ಹಲ್ಲುನೋವಿಗೆ ಯಾರೂ ಸಾಯಲ್ಲ ಕಣಯ್ಯ. ಮಾತ್ರೆ ಬರೆಸ್ಕೊಂಡು ಓಗು."

ಮಾತ್ರೆಯ ಸಾಲಿನಲ್ಲಿ ಒಂದು ಗಂಟೆ ಕಳೆಯಿತು. ಬಂಗಾರಪೇಟೆಯ ಬಸ್ಸು ಹತ್ತಿದಾಗ ಕಂಡಕ್ಟರು ಟಿಕೆಟ್ಟು ಹರಿಯುವುದನ್ನು ಬಿಟ್ಟು ಅಮ್ಮನ ಮುಖ ನೋಡಿದ. "ಬಾಯಿ ತೆಗಿಯಕ್ಕ. ಬೆಳ್ಳು ಇಡು." ಅಮ್ಮನ ಕಿರುಬೆರಳೂ ಹೋಗಲಿಲ್ಲ. ಅವನು ಸೀಟಿ ಊದಿ ಕೂಗಿದ: "ಅಣ್ಣಾ, ಎಲ್ಲೂ ನಿಲ್ಲಿಸ್ಬೇಡ! ಇಳಿಯೋರು ವಾಪಸ್ ಬತ್ತಾ ಇಳಿತಾರೆ!" ಯಾರೂ ಎದುರಾಡಲಿಲ್ಲ.

ಮಹಡಿಯ ದವಾಖಾನೆಯಲ್ಲಿ ಡಾಕ್ಟರು ಗಲ್ಲದ ಕೆಳಗೆ ಒತ್ತಿ ನೋಡಿದರು. ಹಲಗೆಯಂತೆ ಗಟ್ಟಿಯಾಗಿತ್ತು. ಅಮ್ಮ ಕುರ್ಚಿಗೆ ಒರಗಲು ಹೋದಾಗ ಗದರಿದರು: "ಮಲಗಬಾರದು ಪಾಪಾ! ನಾಲಿಗೆ ಹಿಂದಕ್ಕೆ ಬಿದ್ದರೆ ಉಸಿರು ನಿಂತೋಗತ್ತೆ." ಕೂತಲ್ಲಿಯೇ ಮರಗಟ್ಟಿಸಿ, ಗಲ್ಲದಡಿ ಕೊಯ್ದು, ಕೀವಿಗೆ ದಾರಿ ಮಾಡಿದರು, ಪೆನಿಸಿಲಿನ್ ಚುಚ್ಚಿದರು. ಆಮೇಲೆ ಕೋಟು ತೊಟ್ಟರು. "ಇಲ್ಲಿ ಇಷ್ಟೇ ಆಗೋದು. ಬೆಂಗಳೂರಿಗೆ ನಾನೇ ಬರ್ತೀನಿ."

ಟವೆಲಿನಲ್ಲಿ ಕೆನ್ನೆ ಕಟ್ಟಿಕೊಂಡು ಕಾಯುತ್ತಿದ್ದವನೊಬ್ಬ ನರಳಿದ, "ನಮ್ ಗತಿ ಏನ್ ಸಾರ್?"

"ನಿನ್ನ ಹಲ್ಲು ನಾಳೆವರೆಗೂ ಕಾಯತ್ತೆ. ಈಯಮ್ಮನ ಉಸಿರು ಕಾಯಲ್ಲ."

ಬಾಗಿಲಿಗೆ ಬೀಗ ಹಾಕಿ ನಮ್ಮೊಡನೆ ರೈಲು ಹತ್ತಿದರು. ಟೇಕಲ್, ಮಾಲೂರು, ವೈಟ್‌ಫೀಲ್ಡ್: ಒಂದೊಂದು ನಿಲ್ದಾಣವೂ ಒಂದೊಂದು ಯುಗ. ಎದುರು ಕುಳಿತು ಅಮ್ಮನ ದವಡೆಯನ್ನು ಎರಡೂ ಕೈಯಲ್ಲಿ ಮುಂದಕ್ಕೆತ್ತಿ ಹಿಡಿದಿದ್ದರು. ಅವಳ ಕಣ್ಣು ಮುಚ್ಚಿದರೆ "ಏಳು ಪಾಪಾ, ನಿದ್ದೆ ಆಮೇಲೆ" ಎನ್ನುತ್ತಿದ್ದರು. ಉಸಿರು ಶಿಳ್ಳೆಯಂತೆ ಕೇಳುತ್ತಿತ್ತು. ದೊಡ್ಡಾಸ್ಪತ್ರೆಯಲ್ಲಿ ಕತ್ತಿಗೆ ಕೊಳವೆ ಇಳಿಸಿದರು. ಅಮ್ಮ ಬದುಕಿದಳು.

ಅಂದೇ ಮಧ್ಯಾಹ್ನ ಕಾಮಸಮುದ್ರದ ಕಡೆಯ ಕೂಲಿಯವನೊಬ್ಬ ಹೆಂಡತಿಯನ್ನು ಕರೆದುಕೊಂಡು ಅದೇ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದ. ಅವಳಿಗೂ ಅದೇ ಬಾವು. ಅವರಿಗೂ ಅದೇ ಮಾತ್ರೆ. ಅಲ್ಲಿಂದ ಡಾಕ್ಟರ ಮಹಡಿಗೆ ಬಂದು ಕೊನೆಯ ಬಸ್ಸಿನವರೆಗೂ ಮೆಟ್ಟಿಲ ಮೇಲೆ ಕೂತಿದ್ದು ವಾಪಸಾದರು. ಮೂರನೆಯ ದಿನ ಅವಳು ಸತ್ತಳು.

ಇದು ನಮಗೆ ತಿಳಿದದ್ದು ಅಮ್ಮನ ಗಾಯಕ್ಕೆ ಬಟ್ಟೆ ಕಟ್ಟಿಸಲು ಡಾಕ್ಟರ ಬಳಿ ಹೋದ ದಿನ. ಆ ಕೂಲಿಯವನು ಬಾಗಿಲಾಚೆ ಚಪ್ಪಲಿ ಬಿಟ್ಟು ನಿಂತಿದ್ದ. "ಅವತ್ತು ಬಾಗ್ಲಾಕಿತ್ತು ಸಾಮಿ. ನಾವೇ ರಜಾ ದಿನ ಬಂದ್ಬಿಟ್ವೇನೋ ಅಂತ ಕೇಳೋಣ ಅಂತ ಬಂದೆ."

ಅವನ ದನಿಯಲ್ಲಿ ಆಪಾದನೆಯಿರಲಿಲ್ಲ. ಅದೇ ಭಯಂಕರವಾಗಿತ್ತು. ಅಮ್ಮ ಕುರ್ಚಿಯಲ್ಲಿ ತಲೆ ತಗ್ಗಿಸಿದಳು. ಸ್ಟೌವಿನ ಮೇಲೆ ಇಕ್ಕಳಗಳು ಕುದಿಯುತ್ತಿದ್ದ ನೀರು ಬತ್ತಿ, ಪಾತ್ರೆ ಸೀಯತೊಡಗಿತು. "ರಜಾ ಇರಲಿಲ್ಲಪ್ಪಾ" ಎಂದರು ಡಾಕ್ಟರು ಕೊನೆಗೆ. "ನೀನು ಸರಿಯಾದ ದಿನಾನೇ ಬಂದಿದ್ದೆ."

ಮರುವಾರ ನನ್ನನ್ನು ಕರೆಸಿಕೊಂಡರು. "ನಿನ್ನ ಕನ್ನಡ ಚೆನ್ನಾಗಿದೆ ಪಾಪಾ. ಒಂದು ಅರ್ಜಿ ಬರಿ." ಸರ್ಕಾರಿ ಡಾಕ್ಟರು ಬರುವ ತನಕ ವಾರಕ್ಕೆರಡು ಬೆಳಿಗ್ಗೆ ಆಸ್ಪತ್ರೆಯ ಬೀಗ ಹಾಕಿದ ಆ ಕೋಣೆಯಲ್ಲಿ ತಮ್ಮದೇ ಉಪಕರಣಗಳಿಂದ, ಏನನ್ನೂ ಪಡೆಯದೆ ಕೆಲಸ ಮಾಡಲು ಅನುಮತಿ ಬೇಕೆಂಬುದು ಅದರ ಸಾರ. ಸಾವಿನ ಸಂಗತಿ ಬರೆಯುವಲ್ಲಿ ನಾನು ಆಸ್ಪತ್ರೆಯವರನ್ನು ಖಾರವಾಗಿ ಝಾಡಿಸಿದ್ದೆ. ಡಾಕ್ಟರು ತಡೆದರು.

"ಮೊದಲು ನನ್ನ ಹೆಸರು ಹಾಕು. ಅವತ್ತು ನನ್ನ ಬಾಗಿಲಿಗೂ ಬೀಗ ಇತ್ತು."

"ನೀವು ನಮ್ಮಮ್ಮನ್ನ ಉಳಿಸೋಕೆ ಓಗಿದ್ರಿ ಸಾರ್!"

"ಅದನ್ನೂ ಬರಿ. ಆದ್ರೆ ಆಮೇಲೆ ಬರಿ."

ವಿಶ್ವವಿದ್ಯಾಲಯದಲ್ಲಿ ನಾನು ಮುಂದೆ ಕಲಿತ ಯಾವ ಸಿದ್ಧಾಂತವೂ ಈ ತಿದ್ದುಪಡಿಗೆ ಸಮನಲ್ಲ. ಹೊಣೆ ಕೇಳುವವರು ತಮ್ಮ ಪಾಲಿನದನ್ನು ಮೊದಲು ಒಪ್ಪಿಸಬೇಕು. ನನ್ನ ಪಾಲು ಆ ರಾಗಿಹಿಟ್ಟಿನ ಪಟ್ಟು, ಬರೆದಿದ್ದೇನೆ.

ಅರ್ಜಿಗೆ ಉತ್ತರ ಬರಲಿಲ್ಲ. ಪ್ರತಿ ವರ್ಷ ಅದರ ನಕಲನ್ನು ಖುದ್ದಾಗಿ ಒಯ್ದು ಕೊಟ್ಟರು. ಖಾಸಗಿಯವರು ಸರ್ಕಾರಿ ಕುರ್ಚಿ ಮುಟ್ಟಲು ನಿಯಮವಿಲ್ಲವೆಂದು ಗುಮಾಸ್ತನೊಬ್ಬ ಬಾಯಿಮಾತಿನಲ್ಲಿ ಹೇಳಿದನಂತೆ. ಕಾಗದದಲ್ಲಿ ಅದನ್ನೂ ಯಾರೂ ಬರೆದುಕೊಡಲಿಲ್ಲ. ಕಳೆದ ವರ್ಷ ಒಂದು ಬೆಳಿಗ್ಗೆ ದವಾಖಾನೆಯ ಮೆಟ್ಟಿಲೇರುತ್ತ ಎದೆ ಹಿಡಿದು ಕುಳಿತವರು ಮತ್ತೆ ಏಳಲಿಲ್ಲ. ಈಗ ಆ ಮಹಡಿಯೂ ಮುಚ್ಚಿದೆ. ಬಾವು ಬಂದವರಿಗೆ ನಮ್ಮ ಕಡೆ ಹತ್ತಲು ಮೆಟ್ಟಿಲೇ ಇಲ್ಲ.

ಆದ್ದರಿಂದ ಸಂಬಂಧಪಟ್ಟ ಅಧಿಕಾರಿಗಳಲ್ಲಿ ನನ್ನ ಲಿಖಿತ ವಿನಂತಿ: ಆ ಕೋಣೆಯ ಬೀಗ ತೆಗೆಸಿ, ದಂತವೈದ್ಯರನ್ನು ನೇಮಿಸಿ. ಇಷ್ಟು ವರ್ಷ ಅದನ್ನು ಮುಚ್ಚಿಟ್ಟದ್ದು ಯಾರ ಆದೇಶದಿಂದ ಎಂಬುದನ್ನೂ, ಡಾಕ್ಟರ ಅರ್ಜಿಯನ್ನು ತಿರಸ್ಕರಿಸಿದ್ದರೆ ಅದರ ಕಾರಣವನ್ನೂ ಸಹಿಯೊಡನೆ ತಿಳಿಸಿ. ಉತ್ತರವನ್ನು ನನಗೆ ಕಳಿಸುವುದು ಬೇಡ. ಕಾಮಸಮುದ್ರದ ಕಡೆಯ ಆ ಕೂಲಿಯವನ ಹೆಸರಿಗೆ ಕಳಿಸಿ; ಹೆಸರು ಡಾಕ್ಟರ ಅರ್ಜಿಯಲ್ಲಿದೆ. ಅವನಿಗೆ ಓದಲು ಬರುವುದಿಲ್ಲ. ಓದಿ ಹೇಳಲು ನಾನು ಹೋಗುತ್ತೇನೆ.